ಹೆಬ್ಬೆರಳಿಗೆ ಓಗೊಡದ ಗಾಜು

ಕಿಬ್ಬನಹಳ್ಳಿ ಕ್ರಾಸಿನ ನಮ್ಮ ಫೋನ್ ಅಂಗಡಿಯಲ್ಲಿ ಆ ದೊಡ್ಡ ಫೋನು ಮಳೆಗಾಲ ಪೂರ್ತಿ ಗಾಜಿನ ಪೆಟ್ಟಿಗೆಯೊಳಗೇ ಕೂತಿತ್ತು. ಬಂದವರು ಎತ್ತಿ ನೋಡುವರು, ಜೇಬಿಗೆ ಹಾಕಿಕೊಂಡರೆ ಎದೆಯ ಮೇಲಿನ ಲಿಂಗದ ಕರಡಿಗೆಗೆ ತಾಗುತ್ತದೆ ಎನ್ನುವರು, ಪಕ್ಕದ ಸಾದಾ ಫೋನು ಕೊಂಡು ಹೋಗುವರು. ಈ ಸಂಜೆಯೊಳಗೆ ಅದು ಮಾರಿಹೋಗದಿದ್ದರೆ ನನಗೆ ಸಂಬಳ ಕೊಡುವ ಫೋನ್ ಕಂಪನಿಯವರು ಇಲ್ಲಿನ ತಮ್ಮ ಕೌಂಟರ್ ತೆಗೆದು ನನ್ನನ್ನು ತುಮಕೂರಿಗೆ ಹಾಕುವವರಿದ್ದರು. ಅಲ್ಲಿಗೆ ಮೊದಲ ಬಸ್ಸಿಗೇ ಹೊರಡಬೇಕು. ಅವ್ವ ಲಿಂಗಪೂಜೆಗೆ ಕೂತು ವಚನ ಹೇಳುವುದು ಆಮೇಲೆ. ಬುದ್ಧಿ ಬಂದಾಗಿನಿಂದ ಅದನ್ನು ಕೇಳದೆ ನಾನು ಹೊಸಿಲು ದಾಟಿದವನಲ್ಲ.

ಹೊತ್ತು ಇಳಿಯುವಾಗ ಹಂದನಕೆರೆಯ ಮರುಳಸಿದ್ದಯ್ಯನವರು ಬಂದರು. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ ಊರಿಗೆ ಹೊರಟವರು.

"ಮಹಾಂತೇಶಾ, ಆ ದೊಡ್ಡದ್ನೇ ಕೊಡಪ್ಪ. ಮೊಮ್ಮಗಳು ಇಂಪನಾ ಮುಖ ಕಾಣೋ ಹಂಗೆ ಮಾತಾಡು ಅಂತಾಳೆ."

ಕ್ಯಾಮೆರಾ ಹೇಳಿದೆ, ಪ್ರೊಸೆಸರ್ ಹೇಳಿದೆ. ಹೇಳಿ ಹೇಳಿ ಬಾಯಿ ಸಪ್ಪೆಯಾಗಿತ್ತು. ಅವರು ಫೋನನ್ನು ಕಿವಿಯ ಬಳಿ ಹಿಡಿದು, ಅಟ್ಟದ ಒಣಗಾಯಿಯಂತೆ ಅಲ್ಲಾಡಿಸಿದರು.

"ಗಡಗಡ ಅನ್ನಲ್ಲ, ಕೊಬ್ಬರಿ ಇನ್ನೂ ಚಿಪ್ಪು ಬುಟ್ಟಿಲ್ಲ ಕಣಪ್ಪ."

"ಬೆರಳು ಇಡಿ ಯಜಮಾನ್ರೇ, ಬೀಗ ತೆಗೀತದೆ."

ಹೆಬ್ಬೆರಳು ಇಟ್ಟರು. ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಉಳಿದ ಬೆರಳುಗಳಿಗೂ ಅಷ್ಟೆ. ನೆಟ್ಟ ಹಾರೆಗೆ ಕಾಯಿ ಕುತ್ತಿ ಸುಲಿದು ಸುಲಿದು ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು.

"ನನ್ ಕಾಸಲ್ಲಿ ಬಂದು ನನ್ನೇ ಯಾರು ನೀನು ಅಂತದಲ್ಲ ಇದು."

"ಬೀಗಾನೇ ಬ್ಯಾಡ ಬುಡಿ," ಎಂದು ಅದನ್ನು ತೆಗೆದು, ಅವರ ಸಿಮ್ ಹಾಕಿ, ನನ್ನ ಫೋನಿನಿಂದ ಕರೆ ಮಾಡಿದೆ. ಗಾಜಿನ ಮೇಲೆ ಹಸಿರು ಗುಂಡಿ ಕುಣಿಯಿತು. ಅವರು ಒತ್ತಿದರು, ಎಳೆದರು, ಬೆರಳನ್ನು ಪಂಚೆಗೆ ಒರೆಸಿ ಮತ್ತೆ ಎಳೆದರು. ಆ ಗಡಸು ಚರ್ಮಕ್ಕೆ ಗಾಜು ಓಗೊಡಲಿಲ್ಲ. ಕರೆ ನಿಂತಿತು.

"ಮೊಮ್ಮಗಳು ಮಾಡಿದಾಗ್ಲೂ ಹಿಂಗೇ ನಿಂತೋಯ್ತದಾ?"

ಅಭ್ಯಾಸವಾದರೆ ಸರಿಹೋಗುತ್ತದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು.

"ನೀ ಹೂಂ ಅಂದ್ರೆ ತಗೋತೀನಿ. ಗುರುಶಾಂತಮ್ಮನ ಮಗ ನೀನು."

ನಾನು ಹೂಂ ಅನ್ನಲಿಲ್ಲ. ಸಿಮ್ ತೆಗೆದು ಅವರ ಹಳೆಯ ಗುಂಡಿ ಫೋನಿಗೇ ಹಾಕಿಕೊಟ್ಟೆ.

ಸಂಜೆ ಕಂಪನಿಯ ಬಸವಕುಮಾರ್ ಫೋನ್ ಮಾಡಿದರು. ಬಂದ ಗಿರಾಕಿ ಕೊಳ್ಳದೆ ಹೋದರು ಎಂದೆ. "ರೇಟು ಜಾಸ್ತಿ ಅಂದ್ರಾ?"

"ಇಲ್ಲ ಸಾರ್, ದುಡ್ಡು ಸೊಂಟದಲ್ಲೇ ಇತ್ತು."

"ಕ್ಯಾಮೆರಾ ತೋರಿಸಿದ್ರಾ?"

"ತೋರಿಸ್ದೆ. ಕೈಗೆ ಬರ್ಲಿಲ್ಲ ಸಾರ್."

ಹಾಗೆಂದರೇನು ಎಂದರು. ಅವರ ಬೆರಳಿಗೆ ಅದು ಓಗೊಡುವುದಿಲ್ಲ ಎಂದೆ. ಸೋಮವಾರದಿಂದ ತುಮಕೂರಿಗೆ ಬನ್ನಿ ಎಂದರು.

ಗಾಜಿನ ಮೇಲೆ ಅಂಟಿದ್ದ ತೆಂಗಿನ ನಾರಿನ ಪುಡಿ ಒರೆಸಿ, ಬಾಗಿಲೆಳೆದು ಹೊರಬಂದೆ. ಮರುಳಸಿದ್ದಯ್ಯನವರು ಇನ್ನೂ ಬಸ್ಸು ಕಾಯುತ್ತಿದ್ದರು.

"ತುಮಕೂರಿಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ ಯಜಮಾನ್ರೇ?"

"ಇನ್ನೂ ಕತ್ಲಿರ್ವಾಗ್ಲೇ ಕಣಪ್ಪ. ಯಾಕೆ?"

"ಸುಮ್ನೆ ಕೇಳ್ದೆ."

ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನೋಡದೆಯೇ ಹೆಬ್ಬೆರಳಿನಿಂದ ಗುಂಡಿ ಒತ್ತಿ ಕಿವಿಗಿಟ್ಟರು.

"ಹೇಳವ್ವ ಇಂಪನಾ," ಎಂದರು.