ಗ್ರಾಫ್ ಬೋರ್ಡಿನ ಮೇಲೆ ಎಳೆಯದ ಗೆರೆ

ನಾನು ಒಂದು ಗ್ರಾಫ್ ಬೋರ್ಡ್. ದಪ್ಪ ಬಟ್ಟೆಗೆ ಕಪ್ಪು ಬಣ್ಣ ಬಳಿದು, ಬಿಳಿ ಚೌಕಗಳನ್ನು ಎಳೆದು, ಮೇಲೊಂದು ಕೆಳಗೊಂದು ಕೋಲು ಹೊಡೆದರು. ನಾನು ಹುಟ್ಟಿದ್ದು ಹಾಗೆ. ಹುಬ್ಬಳ್ಳಿಯ ಅಂಗಡಿಯಿಂದ ಸುರುಳಿ ಸುತ್ತಿಸಿಕೊಂಡು, ಬಸ್ಸಿನ ಸೀಟಿನಡಿ ಮಲಗಿ ಗದಗದ ಒಂದು ಪಿಯು ಕಾಲೇಜಿಗೆ ಬಂದೆ.

ಗಣಿತದ ನೀಲಾಂಬಿಕಾ ಮೇಡಂ ಕೈಗೆ ಸಿಕ್ಕಿದ್ದು ನನ್ನ ಪುಣ್ಯ. ನಾಲ್ಕು ಚುಕ್ಕಿ ಇಟ್ಟು, ಒಂದೇ ಉಸಿರಿಗೆ ಗೆರೆ ಬಾಗಿಸಿ ಎಳೆಯುತ್ತಿದ್ದರು. ಹಿಂದಿನ ಬೆಂಚಿನವರೂ ಗಲಾಟೆ ನಿಲ್ಲಿಸುತ್ತಿದ್ದರು. ನನಗಂತೂ ಕೊಬ್ಬೇ ಬಂದಿತ್ತು.

ವರ್ಷಗಳು ಕಳೆದು ನನ್ನ ಚೌಕಗಳು ಮಾಸಿದವು, ಮೇಡಂ ಕೈ ನಡುಗತೊಡಗಿತು. ಒಮ್ಮೆ ಶಬಾನಾ ಎಂಬ ವಿದ್ಯಾರ್ಥಿನಿಯ ಗ್ರಾಫ್ ಹಾಳೆ ನೋಡಿದರು. ಬೋರ್ಡಿನ ಗೆರೆ ಅಲುಗಿದಲ್ಲೆಲ್ಲ ಅವಳದ್ದೂ ಅಲುಗಿತ್ತು.

“ಹಿಂಗ್ಯಾಕ ಡೊಂಕ ತಗದೀಯವಾ?”

“ನೀವ ಹಂಗ ತಗದಿದ್ರಲ್ರಿ ಮೇಡಂ.”

ಅದು ಕುಚೋದ್ಯವಾಗಿದ್ದರೆ ಬೈದು ಸುಮ್ಮನಾಗುತ್ತಿದ್ದರು. ಹುಡುಗಿ ನಂಬಿ ಬರೆದಿದ್ದಳು. ಮೇಡಂ ಪ್ರಾಂಶುಪಾಲರ ಬಳಿ ಹೋಗಿ, “ನಿವೃತ್ತಿಗೆ ಇನ್ನೊಂದೆರಡ ವರ್ಷ ಅದಾವು ಖರೆ. ತಪ್ಪ ಕಲಸೂದಕ್ಕಿಂತ ಈಗ ಬಿಡೂದ ಚಲೋರಿ,” ಎಂದರು.

ಪ್ರಾಂಶುಪಾಲರು ಗ್ರಾಫ್ ಬರೆಯುವ ಕ್ಯಾಲ್ಕುಲೇಟರ್ ತರಿಸಿ, “ಒಂದ ತಿಂಗಳ ಇದರ ಮ್ಯಾಲೆ ಕಲಸ್ರಿ, ಆಮ್ಯಾಲೆ ನೋಡೂಣು,” ಎಂದರು. ಗುಂಡಿ ಒತ್ತಿದರೆ ಗೆರೆ ಸಿದ್ಧ. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಪರದೆ ಅಂಗೈಯಷ್ಟೂ ಇಲ್ಲದ್ದರಿಂದ, ಅದು ತೋರಿಸಿದ್ದನ್ನು ಶಬಾನಾ ನನ್ನ ಮೇಲೆ ದೊಡ್ಡದಾಗಿ ಬರೆಯಬೇಕಿತ್ತು.

ಒಂದು ದಿನದ ಲೆಕ್ಕ: ಯಾವುದೇ ಸಂಖ್ಯೆಯಿಂದ ಎರಡನ್ನು ಕಳೆದು, ಉಳಿದದ್ದರಿಂದ ಒಂದನ್ನು ಭಾಗಿಸಬೇಕು. ಪರದೆಯಲ್ಲಿ ಎರಡು ಬಾಗಿದ ಗೆರೆ, ನಡುವೆ ಅವುಗಳನ್ನು ಜೋಡಿಸುವ ನೆಟ್ಟಗಿನ ಗೆರೆ. ಶಬಾನಾ ಬಾಗಿದ ಗೆರೆಗಳನ್ನು ಬರೆದಳು. ಎರಡು ಎಂಬ ಅಂಕೆಯ ಹತ್ತಿರ ಅವಳ ಚಾಕ್‌ಪೀಸ್ ನಿಂತಿತು.

“ಇಲ್ಲಿ ಸೊನ್ನೆಯಿಂದ ಭಾಗಿಸಿದಂಗ ಆಗ್ತೇತ್ರಿ. ಉತ್ತರನ ಇಲ್ಲ, ಗೆರಿ ಎಲ್ಲಿಂದ ಬಂತ್ರಿ? ನಾ ಇದನ್ನ ಬರಿಯಂಗಿಲ್ಲರಿ ಮೇಡಂ.”

ಮೇಡಂ ಪರದೆ ನೋಡಿದರು. ಆಚೀಚೆಯ ಚುಕ್ಕಿಗಳನ್ನು ಯಂತ್ರ ಸುಮ್ಮನೆ ಜೋಡಿಸಿಬಿಟ್ಟಿತ್ತು. ಬಹಳ ದಿನಗಳ ಮೇಲೆ ಅವರು ಜೋರಾಗಿ ನಕ್ಕರು.

“ಕೈ ನಡುಗದವರೂ ತಪ್ಪತಾರಂದಂಗಾತು.”

ಮತ್ತೆ ಕೆಲಸ ಬಿಡುವ ಮಾತೆತ್ತಲಿಲ್ಲ. ಅವರು ನಡುಗುವ ಕೈಯಲ್ಲೇ ಚುಕ್ಕಿ ಇಟ್ಟರು, ಮಕ್ಕಳು ಯೋಚಿಸಿ ಗೆರೆ ಎಳೆದರು.

ಈಗ ನಾನು ಬೀರುವಿನ ಹಿಂದೆ ಇದ್ದೇನೆ. ಸೆಲ್ ಸೋರಿ ಕೆಟ್ಟ ಆ ಕ್ಯಾಲ್ಕುಲೇಟರ್ ಅದೇ ಬೀರುವಿನ ಒಳಗಿದೆ, ಜಗಳವೆಲ್ಲ ಮುಗಿದಿದೆ. ಮೇಡಂ ನಿವೃತ್ತರಾದ ದಿನ ಶಬಾನಾ ಬಂದು ನನ್ನ ಮೇಲೆ ಅದೇ ಗ್ರಾಫ್ ಬರೆದಳು. ಅದನ್ನು ಅಳಿಸದೆಯೇ ನನ್ನನ್ನು ಸುತ್ತಿಟ್ಟರು. ಬಿಚ್ಚಿ ನೋಡಿದರೆ ಎರಡು ಗೆರೆಗಳ ನಡುವೆ ಅವಳು ಬಿಟ್ಟ ಜಾಗ ಇನ್ನೂ ಖಾಲಿ ಇದೆ.