ಭಾನುವಾರದ ಟ್ರಂಪೆಟ್

ಮುಚ್ಚಿಹೋದ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳ ನಡುವೆ ಇರುವ ಯುವಕ ಸಂಘದ ಹಾಲ್‌ನಲ್ಲಿ ಪ್ರತಿ ಭಾನುವಾರ ಸಂಜೆ ಐದಕ್ಕೆ ಆರ್ಕೆಸ್ಟ್ರಾ ಶುರುವಾಗುತ್ತಿತ್ತು. ಶೀಟಿನ ಸೂರು, ಎಂಬತ್ತು ಪ್ಲಾಸ್ಟಿಕ್ ಕುರ್ಚಿ, ಮೊಣಕಾಲೆತ್ತರದ ವೇದಿಕೆ, ಒಂದು ಫೋಕಸ್ ಲೈಟು. ಬೂದಿಕೋಟೆಯ ಕಲ್ಪನ ವಾರದಲ್ಲಿ ಆರು ದಿನ ಬಂಗಾರಪೇಟೆಯ ಸೀನಪ್ಪನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದು, ಮದುವೆ ಆಲ್ಬಂ ಜೋಡಿಸಿ, ಏಳನೆಯ ದಿನ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದಳು.

"ಭಾನ್ವಾರಾನೂ ಮನೇಲಿ ಕಾಲ್ ನಿಲ್ಲಲ್ವಲ್ಲೇ ನಿಂಗೆ. ಯಾರೇನ್ ಕರ್ದವ್ರೆ ಅಂತ ಓಗ್ತೀಯ?" ಎಂದು ಅವಳ ತಾಯಿ ಮುನಿಶಾಮಮ್ಮ ಹಸುವಿನ ಮುಂದೆ ಕೂತು ಗೊಣಗುತ್ತಿದ್ದಳು.

ಯಾರೂ ಕರೆದಿರಲಿಲ್ಲ, ನಿಜ. ಆದರೆ ಮದುವೆಮನೆಯಲ್ಲಿ ಎಲ್ಲರೂ ಕ್ಯಾಮೆರಾ ಕಂಡ ಕೂಡಲೇ ಮುಖ ಬದಲಾಯಿಸುತ್ತಾರೆ. ಹಾಡುವವರು, ನುಡಿಸುವವರು ಹಾಗಲ್ಲ. ಎರಡನೆಯ ಹಾಡಿನ ಹೊತ್ತಿಗೆ ಅವರಿಗೆ ಅವಳು ಇರುವುದೇ ಮರೆತುಹೋಗುತ್ತಿತ್ತು. ಫ್ಲ್ಯಾಶ್ ಹಾಕದೆ, ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು ಅವಳು ಆ ಮುಖಗಳನ್ನು ಕಾಯುತ್ತಿದ್ದಳು. ಅದರಷ್ಟು ಸುಖ ಅವಳಿಗೆ ಬೇರೆ ಯಾವುದರಲ್ಲೂ ಇರಲಿಲ್ಲ.

ಆರ್ಕೆಸ್ಟ್ರಾ ಅಂಬರೀಶನದು. ಹಾಡುವವನೂ ಅವನೇ. ಆದರೆ ಜನ ಬರುತ್ತಿದ್ದುದು ಸೆಲ್ವರಾಜ್ ಅಂಕಲ್ ಟ್ರಂಪೆಟ್ಟಿಗೆ. ಅರವತ್ತು ಮುಟ್ಟಿದ ಆಳು, ಬಿಳಿ ಶರ್ಟು, ಎಣ್ಣೆ ಹಾಕಿ ಬಾಚಿದ ಕ್ರಾಪು. ಹದಿನೈದು ವರ್ಷ ಗಣಿಯೊಳಗೆ ಡ್ರಿಲ್ಲಿಂಗ್ ಮಾಡಿದವರು. ಗಣಿ ಮುಚ್ಚಿದ ಮೇಲೆ ವಾಚ್‌ಮನ್ ಕೆಲಸಕ್ಕೆ ಸೇರಿಕೊಂಡಿದ್ದರು. ಅವರ ಹಿಂದೆ, ಬೆಳಕು ಸರಿಯಾಗಿ ಬೀಳದ ಮೂಲೆಯಲ್ಲಿ, ಮಗಳು ಶ್ಯಾಮಲ ಕೀಬೋರ್ಡ್ ನುಡಿಸುತ್ತಿದ್ದಳು. ಹಾಲ್‌ಗೆ ಮೊದಲ ಸಲ ಬಂದ ದಿನ ಕಲ್ಪನಳನ್ನು ಒಳಗೆ ಕರೆದು ಕೂರಿಸಿ ಟೀ ಕೊಟ್ಟವಳೂ ಅವಳೇ. ವಯಸ್ಸಿನಲ್ಲಿ ನಾಲ್ಕು ವರ್ಷ ದೊಡ್ಡವಳಾದ್ದರಿಂದ ಕಲ್ಪನ ಅವಳನ್ನು ಅಕ್ಕ ಎನ್ನುತ್ತಿದ್ದಳು.

ಆ ವರ್ಷ ಅಂಬರೀಶನಿಗೆ ಬಂಗಾರಪೇಟೆಯಲ್ಲಿ ಒಂದು ಕಾರ್ಯಕ್ರಮ ಸಿಕ್ಕಿತು. ನಂದಿದುರ್ಗದ ಹಾಲ್‌ಗಿಂತ ನಾಲ್ಕು ಪಟ್ಟು ದೊಡ್ಡ ಜಾಗ. ಬ್ಯಾನರಿಗೆ ಸೆಲ್ವರಾಜ್ ಅಂಕಲ್‌ದು ಒಂದು ಒಳ್ಳೆ ಫೋಟೋ ಬೇಕೆಂದು ಕಲ್ಪನಳನ್ನು ಕೇಳಿದ. ಅವಳು ಹಿಗ್ಗಿಹೋದಳು. ಮರುದಿನವೇ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಒಂದು ಫೋಟೋ ದೊಡ್ಡದು ಮಾಡಿ ಸೀನಪ್ಪನಿಗೆ ತೋರಿಸಿದಳು.

ಸೀನಪ್ಪ ಮೂವತ್ತು ವರ್ಷದಿಂದ ಮದುವೆಗಳಲ್ಲಿ ನಾದಸ್ವರದವರ ಫೋಟೋ ತೆಗೆದವನು. ಕನ್ನಡಕ ಏರಿಸಿ ನೋಡಿ, "ಏನಮ್ಮೀ ಇದು, ಈವಯ್ಯ ಊದ್ತಾನೇ ಇಲ್ವಲ್ಲ?" ಎಂದ.

"ಊದ್ತಾವ್ರೆ ಸಾ. ನಾನೇ ಅಲ್ಲಿದ್ನಲ್ಲ."

"ಕೊರಳು ನೋಡು. ಒಂದು ನರಾನಾದ್ರೂ ಎದ್ದೈತಾ? ತುಟಿ ನೋಡು, ಸಡಿಲ ಬಿಟ್ಟವ್ನೆ. ಬಾಯಿಗೆ ಇಕ್ಕೊಂಡವ್ನೆ ಅಷ್ಟೆ."

ಸೀನಪ್ಪ ಮನೆಗೆ ಹೊರಟ ಮೇಲೆ ಕಲ್ಪನ ಐದು ತಿಂಗಳ ಫೋಟೋಗಳನ್ನೆಲ್ಲ ತೆರೆದಳು. ಎಲ್ಲದರಲ್ಲೂ ಅದೇ ಸಡಿಲ ತುಟಿ, ಅದೇ ತಣ್ಣಗಿನ ಕೊರಳು. ಪ್ರತಿ ಫೋಟೋದಲ್ಲೂ ಅವರ ಹಿಂದೆ, ಕತ್ತಲಲ್ಲಿ, ಶ್ಯಾಮಲಳ ಎಡಗೈ ತನ್ನ ಪಾಡಿಗೆ ತಾನಿತ್ತು; ಬಲಗೈ ಮೇಲಿನ ಸ್ವರಗಳ ಕೀಲಿಗಳ ಮೇಲಿತ್ತು. ಕಣ್ಣು ಮಾತ್ರ ಕೀಬೋರ್ಡಿನ ಮೇಲಿರಲಿಲ್ಲ. ಅಪ್ಪನ ಬೆರಳುಗಳ ಮೇಲಿತ್ತು. ಅವರ ಬೆರಳು ಒತ್ತಿದ್ದನ್ನು ಇವಳು ಕೀಬೋರ್ಡಿನ ಟ್ರಂಪೆಟ್ ದನಿಯಲ್ಲಿ ನುಡಿಸುತ್ತಿದ್ದಳು. ಇದ್ದ ಒಂದೇ ಸ್ಪೀಕರಿನಲ್ಲಿ ಎಲ್ಲ ದನಿಯೂ ಬೆರೆತು ಬರುವಾಗ ಯಾರಿಗೆ ಏನು ತಿಳಿಯಬೇಕು?

ಕಲ್ಪನ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮೊದಮೊದಲು ಹಾಗೇ ಇದ್ದಳು. ಆದರೆ ಮುಂದಿನ ಭಾನುವಾರ ಅಂಬರೀಶ ಹೊಸ ಯೋಚನೆಯೊಂದನ್ನು ಹೇಳಿದ. ಬಂಗಾರಪೇಟೆಯಲ್ಲಿ ಪರದೆ ಏಳುವ ಮೊದಲು ಸೆಲ್ವರಾಜ್ ಅಂಕಲ್ ಒಬ್ಬರೇ ಜನರ ಮಧ್ಯದಿಂದ ಊದಿಕೊಂಡು ನಡೆದುಬರಬೇಕು. ಡ್ರಮ್ಸ್ ಇಲ್ಲ, ಕೀಬೋರ್ಡ್ ಇಲ್ಲ. ಸೆಲ್ವರಾಜ್ ನಕ್ಕು, ಆಗಲಿ ಎಂದು ತಲೆಯಾಡಿಸಿದರು. ಶ್ಯಾಮಲ ಕೀಬೋರ್ಡಿನ ವೈರನ್ನು ಸುತ್ತುತ್ತಿದ್ದವಳು ಹಾಗೇ ನಿಂತುಬಿಟ್ಟಳು.

ಅಷ್ಟು ಜನರ ಎದುರು ಆ ಮನುಷ್ಯನ ಮಾನ ಹೋಗುತ್ತದಲ್ಲ ಎಂದು ಕಲ್ಪನಳಿಗೆ ಆ ವಾರವೆಲ್ಲ ಅನ್ನ ಸೇರಲಿಲ್ಲ. ಕೊನೆಗೆ ಅಂಬರೀಶನಿಗೆ ಫೋನ್ ಮಾಡಿ, "ಅಣ್ಣಾ, ಅಂಕಲ್ ಕೈಲಿ ಅದಾಗಲ್ಲ. ಯಾಕಂತ ಕೇಳ್ಬೇಡ. ಬೇರೆ ಏನಾದ್ರೂ ಮಾಡು" ಅಂದಳು. ಅವನು ಬಿಡದೆ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟಳು. ಯಾರಿಗೂ ಹೇಳುವುದಿಲ್ಲವೆಂದು ಅವನು ಮಾತು ಕೊಟ್ಟ.

ಕೆಟ್ಟವನಲ್ಲ ಅಂಬರೀಶ. ಶನಿವಾರ ಪ್ರಾಕ್ಟೀಸ್ ಮುಗಿದ ಮೇಲೆ ಸೆಲ್ವರಾಜ್ ಪಕ್ಕ ಕೂತು, ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ಮೆಲ್ಲಗೇ ಹೇಳಿದ: "ಅಂಕಲ್, ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ಕೋಲಾರದಿಂದ ಒಬ್ಬರನ್ನ ಕರೆಸ್ತೀನಿ."

ಸೆಲ್ವರಾಜ್ "ಯಾರಪ್ಪಾ ಹೇಳಿದ್ದು?" ಎಂದು ಕೇಳಿದರು.

ಅಂಬರೀಶ ಬಾಯಿ ತೆರೆಯಲಿಲ್ಲ. ಆದರೆ ಅವನ ಕಣ್ಣು ಅಂದು ಸ್ಟುಡಿಯೋದಿಂದ ಬೇಗ ಹೊರಟು ಬಂದು ಗೋಡೆಯ ಪಕ್ಕ ನಿಂತಿದ್ದ ಕಲ್ಪನಳ ಕಡೆ ಹೋಗಿ ಬಂತು. ಸೆಲ್ವರಾಜ್ ಟ್ರಂಪೆಟ್ಟನ್ನು ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಎರಡು ಕೊಂಡಿಯನ್ನೂ ಹಾಕಿದರು. ಮೆಟ್ಟಿಲಿಳಿಯುವಾಗ ಶ್ಯಾಮಲ ಅವರ ತೋಳು ಹಿಡಿದಿದ್ದಳು. ಅವಳು ತಿರುಗಿ ಕೂಡ ನೋಡಲಿಲ್ಲ.

ಬಂಗಾರಪೇಟೆಯ ಕಾರ್ಯಕ್ರಮ ನಡೆಯಿತು. ಕೋಲಾರದವನು ಚೆನ್ನಾಗಿಯೇ ಊದಿದನಂತೆ. ಕಲ್ಪನ ಹೋಗಲಿಲ್ಲ.

ಎರಡು ವಾರ ಬಿಟ್ಟು ಅವಳು ನಂದಿದುರ್ಗದ ಲೈನಿಗೆ ಹೋದಳು. ಶ್ಯಾಮಲ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದಳು.

"ಅಕ್ಕಾ, ಅಂಕಲ್ ಮಾನ ಓಗ್ಬಾರ್ದು ಅಂತ..."

"ಗೊತ್ತು. ಒಳ್ಳೇದಕ್ಕೇ ಹೇಳಿದೆ ನೀನು" ಎಂದಳು ಶ್ಯಾಮಲ. ಅವಳ ದನಿ ಏರಲಿಲ್ಲ. "ಅಪ್ಪನ ಎದೇಲಿ ಗಣಿ ಧೂಳು ಕೂತಿದೆ ಅಂತ ಡಾಕ್ಟರ್ ಹೇಳಿ ಮೂರು ವರ್ಷ ಆಯ್ತು. ಹಾಲ್‌ನಲ್ಲಿ ಅರ್ಧ ಜನ ಅಪ್ಪನ ಜೊತೆ ಒಳಗೆ ಇಳಿದವರೇ. ಅವರಿಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ಅವರವರ ಎದೇನೂ ಹಂಗೇ ಇದೆ. ಯಾರೂ ಹೇಳಲಿಲ್ಲ, ಅಷ್ಟೆ. ಬಂಗಾರಪೇಟೆ ದಿನ ಜ್ವರ ಅಂತ ಮಲಗಿಸಿಬಿಡ್ತಿದ್ದೆ ಕಣೆ ನಾನು. ಒಂದು ಭಾನುವಾರಕ್ಕೋಸ್ಕರ ಮಿಕ್ಕಿದ ಆರು ದಿನ ಉಸಿರಾಡ್ತಿದ್ರು ನಮ್ಮಪ್ಪ."

ಒಳಗಿನಿಂದ ಕೆಮ್ಮು ಕೇಳಿತು. ಆಮೇಲೆ ಮಗಳನ್ನು ಕೇಳುವ ದನಿ: "ಯಾರು ಪಾಪಾ? ಕ್ಯಾಮೆರಾ ಹುಡುಗೀನಾ? ಉಳ್ಳ ವಾ ಅನ್ನು, ಒಳಗೆ ಬರ್ಲಿ."

ಸೆಲ್ವರಾಜ್ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಇಷ್ಟರಲ್ಲೇ ಅರ್ಧವಾಗಿದ್ದರು. ಕಲ್ಪನ ಕಾಲು ಮುಟ್ಟಲು ಬಗ್ಗಿದಾಗ ಬೇಡವೆಂದು ಕೈಯಾಡಿಸಿ, "ಆ ಫೋಟೋ ತೋರ್ಸಮ್ಮಾ. ಏನ್ ನೋಡ್ದೆ ನೀನು, ನಾನೂ ನೋಡ್ತೀನಿ" ಎಂದರು.

ಅವಳು ಫೋನಿನಲ್ಲಿ ಆ ಫೋಟೋಗಳನ್ನು ತೆರೆದು ಕೊಟ್ಟಳು. ಅವರು ಒಂದೊಂದಾಗಿ ನೋಡಿದರು. ತಮ್ಮ ಕೊರಳನ್ನೂ ನೋಡಲಿಲ್ಲ, ತುಟಿಯನ್ನೂ ನೋಡಲಿಲ್ಲ. ಒಂದು ಫೋಟೋದಲ್ಲಿ ಹಿಂದಿನ ಮೂಲೆಯನ್ನು ಬೆರಳಿಂದ ದೊಡ್ಡದು ಮಾಡಿ ಬಹಳ ಹೊತ್ತು ಹಿಡಿದುಕೊಂಡರು.

"ಹಿಂಗೆ ನೋಡ್ತಿದ್ಲಾ ನನ್ನ?" ಎಂದು ಕೇಳಿದರು. "ನಾನ್ ಮುಂದೆ ನಿಂತಿರ್ತೀನಿ. ಇವ್ಳು ಹಿಂದೆ. ಮೂರು ವರ್ಷದಲ್ಲಿ ಒಂದ್ ಸಲಾನೂ ತಿರುಗಿ ನೋಡಿಲ್ಲಮ್ಮಾ ನಾನು."

ಶ್ಯಾಮಲ ಕೊಡವನ್ನು ಹೊಸ್ತಿಲಲ್ಲೇ ಇಟ್ಟು ಹಿತ್ತಲ ಕಡೆ ಹೋದಳು. ಅವಳು ಅಳುತ್ತಿದ್ದುದು ಇಬ್ಬರಿಗೂ ಕೇಳಿಸುತ್ತಿತ್ತು. ಇಬ್ಬರೂ ಎದ್ದು ಹೋಗಲಿಲ್ಲ. ಹೊರಡುವಾಗ ಸೆಲ್ವರಾಜ್, "ಇದೊಂದು ಪ್ರಿಂಟ್ ಹಾಕ್ಕೊಡಮ್ಮಾ, ದೊಡ್ಡದು" ಎಂದರು. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಅವಳಿಗೂ ಕೇಳುವ ಧೈರ್ಯ ಬರಲಿಲ್ಲ.

ಕಲ್ಪನ ಆ ವಾರವೇ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿದಳು. ಅದನ್ನು ತೆಗೆದುಕೊಂಡು ಹೋಗುವ ಭಾನುವಾರದ ಬೆಳಿಗ್ಗೆ ಅಂಬರೀಶನ ಫೋನ್ ಬಂತು. ಶನಿವಾರ ಮಧ್ಯಾಹ್ನ ಊಟಕ್ಕೆ ಎಬ್ಬಿಸಲು ಹೋದರೆ ಸೆಲ್ವರಾಜ್ ಏಳಲೇ ಇಲ್ಲವಂತೆ.

ಮಣ್ಣು ಮಾಡುವಾಗ ಆರ್ಕೆಸ್ಟ್ರಾದವರೆಲ್ಲ ಬಂದಿದ್ದರು. ಹಾಲ್‌ನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮುದುಕರೂ ಅಲ್ಲಲ್ಲಿ ನಿಂತು ದಮ್ಮು ತೆಗೆದುಕೊಳ್ಳುತ್ತ ದಿಣ್ಣೆ ಹತ್ತಿ ಬಂದರು. ಕಲ್ಪನ ಕ್ಯಾಮೆರಾ ತಂದಿರಲಿಲ್ಲ. ಕಟ್ಟು ಹಾಕಿಸಿದ ಫೋಟೋವನ್ನು ಪತ್ರಿಕೆಯಲ್ಲಿ ಸುತ್ತಿ ಶ್ಯಾಮಲಳ ಮನೆಯ ಗೋಡೆಗೆ ಒರಗಿಸಿಟ್ಟು, ಯಾರಿಗೂ ಹೇಳದೆ ಬಸ್ ಹತ್ತಿದಳು.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಊರಿಗಾಂನಲ್ಲಿ ಸೀಮಂತದ ಫೋಟೋ ತೆಗೆದು ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತಿದ್ದಾಗ, ಅದೇ ಬೋಗಿಯಲ್ಲಿ ಶ್ಯಾಮಲ ಕಂಡಳು. ಬಂಗಾರಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಕಲ್ಪನ ಸರಿದು ಜಾಗ ಬಿಟ್ಟಳು. ಶ್ಯಾಮಲ ಒಂದು ಗಳಿಗೆ ನಿಂತು, ಆಮೇಲೆ ಕೂತಳು.

"ಚೆನ್ನಾಗಿದ್ದೀಯಾ?" ಎಂದಳು.

"ಊಂ ಅಕ್ಕಾ. ಕೀಬೋರ್ಡು?"

"ಮಂಚದ ಕೆಳಗೆ ಇದೆ. ಮುಟ್ಟಿಲ್ಲ." ಆಮೇಲೆ ಕೇಳಿದಳು, "ನೀನು ಹಾಲ್‌ಗೆ ಹೋಗ್ತಿದ್ದೀಯಾ ಭಾನುವಾರ?"

"ಇಲ್ಲಕ್ಕಾ. ಅವತ್ತಿಂದ ಓಗೇ ಇಲ್ಲ."

ಶ್ಯಾಮಲ ಕಿಟಕಿಯ ಕಡೆ ತಿರುಗಿಕೊಂಡಳು. "ಹೋಗಬೇಕಿತ್ತು ನೀನು" ಎಂದಳು. "ಅಲ್ಲಿ ಬರೋರು ಒಬ್ಬೊಬ್ಬರೇ ಕಡಿಮೆ ಆಗ್ತಿದ್ದಾರೆ. ಅವರದ್ದೂ ಫೋಟೋ ಯಾರಾದ್ರೂ ತೆಗೆದಿಡಬೇಕಲ್ಲ."

ಬಂಗಾರಪೇಟೆ ಬಂತು. ಅಂಗಡಿಗೆ ಹೊತ್ತಾಯಿತೆಂದು ಶ್ಯಾಮಲ ಬೇಗಬೇಗ ಇಳಿದು ಜನರ ನಡುವೆ ಹೊರಟುಹೋದಳು. ಕಲ್ಪನ ಕ್ಯಾಮೆರಾದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. "ಇಳೀಯಮ್ಮಾ, ರೈಲು ಮುಂದಕ್ಕೋಗ್ತದೆ" ಎಂದು ಹಣ್ಣಿನ ಬುಟ್ಟಿಯ ಹೆಂಗಸೊಬ್ಬಳು ಭುಜ ಮುಟ್ಟಿ ಹೇಳಿದ ಮೇಲೆಯೇ ಅವಳು ಎದ್ದದ್ದು.