ಮೊದಲ ಅಕ್ಷರದ ಮೇಷ್ಟ್ರು

ಬೊದ್ರೋಗಿ ವಿಲ್ಮೋಶ್ ಮೇಷ್ಟ್ರು ಬೀದಿಯಲ್ಲಿ ಬರುತ್ತಿದ್ದಾರೆಂದು ತಿಳಿಯಲು ದುನಾಸೇಕ್ ಊರಿನಲ್ಲಿ ಯಾರೂ ಕಿಟಕಿಯ ಪರದೆ ಸರಿಸಬೇಕಾಗಿರಲಿಲ್ಲ. ಬಲಗಾಲನ್ನು ಕಲ್ಲುಹಾಸಿನ ಮೇಲೆ ಗಟ್ಟಿಯಾಗಿ ಊರಿ, ಎಡಗಾಲನ್ನು ಅದರ ಹಿಂದೆ ಮೆಲ್ಲಗೆ ತಂದಿಟ್ಟು, ಮತ್ತೆ ಬಲಗಾಲನ್ನು ಊರಿ, ಹೀಗೆ ಇಡೀ ಬೀದಿಗೆ ತಾಳ ಹಾಕಿಕೊಂಡೇ ಅವರು ಸಂಗೀತ ಶಾಲೆಗೆ ಹೋಗುತ್ತಿದ್ದರು. ಕಾಲಿನಲ್ಲಿ ಊನವೇನೂ ಇರಲಿಲ್ಲ. ನಮ್ಮ ಹಂಗೇರಿಯನ್ ಭಾಷೆಯಲ್ಲಿ ಎಷ್ಟೇ ಉದ್ದದ ಪದವಾದರೂ ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ. ಉಳಿದ ಅಕ್ಷರಗಳು ಅದರ ಬೆನ್ನು ಹಿಡಿದು ಇಳಿದು ಬರುತ್ತವೆ. ಉಸಿರಾಟದಷ್ಟೇ ಸಹಜವಾದ ಈ ಸಂಗತಿಯನ್ನು ನಾವು ಯಾರೂ ಯೋಚಿಸಿದವರಲ್ಲ. ಮೇಷ್ಟ್ರು ಯೋಚಿಸಿದ್ದರು, ಮತ್ತು ಆ ಯೋಚನೆ ಅವರ ತಲೆಯಿಂದ ಇಳಿಯುತ್ತ ಇಳಿಯುತ್ತ ಪಾದದವರೆಗೂ ಬಂದಿತ್ತು.

ಅವರ ಮೈಮೇಲೆ ಚಳಿಗಾಲ ಬೇಸಿಗೆಯೆನ್ನದೆ ಒಂದು ಹಸಿರು ಉಣ್ಣೆಯ ಕೋಟು ಇರುತ್ತಿತ್ತು. ಅದರ ಜೇಬಿನಲ್ಲಿ, ತಟ್ಟಿದರೆ ಒಂದೇ ಸ್ವರ ಮಿಡಿಯುವ ಉಕ್ಕಿನ ಶ್ರುತಿಕವೆ. ಮಾತು ಬೇಸರ ತಂದಾಗ ಅದನ್ನು ತೆಗೆದು ಎದುರಿಗೆ ಕಂಡದ್ದಕ್ಕೆ ತಟ್ಟಿ ಕಿವಿಗೆ ಹಿಡಿಯುವುದು ಅವರ ರೂಢಿ. ಮೇಜಿಗೆ, ಸೇತುವೆಯ ಕಂಬಿಗೆ, ಒಮ್ಮೆ ಪೆಶ್ಟ್ ನಗರದಿಂದ ಬಂದ ಅಧಿಕಾರಿಯೊಬ್ಬನ ಕುರ್ಚಿಗೂ ತಟ್ಟಿದ್ದುಂಟು. ಅವರು ನಡೆಸುತ್ತಿದ್ದ ಊರಿನ ಗಾಯಕವೃಂದದಲ್ಲಿ ಎಲ್ಲರಿಗಿಂತ ಕೆಳಗಿನ ದನಿಯವನು ಮೀನುಗಾರ ಮಾರ್ತೊನ್. ಅವನು ಒಂದು ಭಾನುವಾರ ನದಿದಂಡೆಯಲ್ಲಿ ಕಡಾಯಿ ತೂಗುಹಾಕಿ, ಕೆಂಪು ಮೆಣಸಿನ ಪುಡಿ ಸುರಿದು ಮೀನಿನ ಸಾರು ಕುದಿಸುತ್ತಿದ್ದಾಗ ಮೇಷ್ಟ್ರು ಆ ಕಡಾಯಿಯನ್ನೂ ಬಿಡಲಿಲ್ಲ.

"ಸಾರು ಶ್ರುತಿಗೆ ಬಂತಾ ಮೇಷ್ಟ್ರೇ, ಇಲ್ಲ ಇನ್ನೊಂದು ಹಿಡಿ ಖಾರ ಹಾಕ್ಲಾ?" ಅಂದ ಮಾರ್ತೊನ್.

"ಸಾರು ಸರಿಯಾಗೇ ಇದೆ. ನೀವು ಈಗ ಗುನುಗ್ತಾ ಇದ್ರಲ್ಲ, ಅದು ಸ್ವಲ್ಪ ಕೆಳಗಿತ್ತು" ಅಂದರು ಮೇಷ್ಟ್ರು.

ಎಲ್ಲರಿಗೂ ಅವರದು 'ನೀವು'. ಮಾರ್ತೊನ್‌ಗೆ ಮಾತ್ರವಲ್ಲ, ಮೂಗು ಸೋರಿಸಿಕೊಂಡು ಪಾಠಕ್ಕೆ ಬರುವ ಎಳೆಯ ಮಕ್ಕಳಿಗೂ. ಊರಿನಲ್ಲಿ ಬೇರೆ ಯಾವ ಮೇಷ್ಟ್ರೂ ಮಕ್ಕಳನ್ನು ಹಾಗೆ ಮಾತಾಡಿಸುತ್ತಿರಲಿಲ್ಲ. ನಮ್ಮ ಅಪ್ಪ ಅಮ್ಮಂದಿರಿಗೆ ಅದು ತಮಾಷೆಯಾಗಿಯೂ ಒಳಗೊಳಗೇ ಹೆಮ್ಮೆಯಾಗಿಯೂ ಇತ್ತು. ನನ್ನನ್ನು ಮೊದಲ ದಿನ ಎದುರಿಗೆ ನಿಲ್ಲಿಸಿ ಹೆಸರು ಕೇಳಿದರು. ನಾಚಿಕೆಯಲ್ಲಿ ನಾನು ಬೊರ್ಬಾಲ ಎಂಬುದನ್ನು ಅರ್ಧ ಮಾತ್ರ ಹೇಳಿದೆ. "ಮೊದಲನೇ ಅಕ್ಷರಾನೇ ನುಂಗಿಬಿಟ್ರಲ್ಲ, ಹಸಿವಾಗಿದ್ಯಾ ನಿಮಗೆ?" ಎಂದು ಕೇಳಿ, ಜೇಬಿನಿಂದ ಗಸಗಸೆ ತುಂಬಿದ ಬನ್ನು ತೆಗೆದುಕೊಟ್ಟು, ನಾನು ತಿಂದು ಮುಗಿಸುವವರೆಗೂ ಕಾದು, ಮತ್ತೆ ಹೆಸರು ಕೇಳಿದರು. ವಾದ್ಯ ಮುಟ್ಟುವುದಕ್ಕೆ ಮುಂಚೆ ಒಂದು ವರ್ಷ ಬರೀ ಹಾಡಬೇಕು, ಹಾಡುವುದಕ್ಕೆ ಮುಂಚೆ ಆ ಹಾಡಿನ ಮಾತನ್ನು ಬಾಯಿತುಂಬ ಆಡಬೇಕು ಎಂಬುದು ಅವರ ಕ್ರಮವಾಗಿತ್ತು. ಕೈಯನ್ನು ಮುಷ್ಟಿ ಮಾಡಿದರೆ ಷಡ್ಜ, ಓರೆಯಾಗಿ ಎತ್ತಿದರೆ ಮುಂದಿನ ಸ್ವರ. ಆ ಕೈಸನ್ನೆಗಳನ್ನು ನೋಡಿಕೊಂಡೇ ಊರಿನ ಒಂದು ತಲೆಮಾರು ದನಿ ಹಿಡಿಯುವುದನ್ನು ಕಲಿಯಿತು.

ರಚನಕಾರರಾಗಿ ಅವರು ಬರೆದದ್ದು ಕಡಿಮೆಯೇನಲ್ಲ. ತಂತಿವಾದ್ಯಗಳ ಕೃತಿಗಳು, ಒಂದು ದೀರ್ಘವಾದ ಪ್ರಾರ್ಥನಾ ಸಂಗೀತ, ಮಕ್ಕಳಿಗೆಂದು ಪುಟ್ಟ ಪುಟ್ಟ ಹಾಡುಗಳು. ಪೆಶ್ಟ್‌ನ ಪಂಡಿತರು ಅವುಗಳಲ್ಲಿ ಕೆಲವನ್ನು ಹೊಗಳಿ ಮರೆತರು. ನಮಗೆ ಅರ್ಥವಾಗದಿದ್ದರೂ ಮೇಷ್ಟ್ರದ್ದು ಎಂದು ಭಕ್ತಿಯಿಂದ ಕೂತು ಕೇಳಿದೆವು, ಕೆಲವರು ಭಕ್ತಿಯಿಂದಲೇ ನಿದ್ದೆಯನ್ನೂ ಮಾಡಿದರು. ಊರು ಎದೆಗೆ ಹಚ್ಚಿಕೊಂಡದ್ದು ಒಂದನ್ನು ಮಾತ್ರ. ಮೀಸೆ ಬರುವ ವಯಸ್ಸಿನಲ್ಲಿ ಅವರು ಕಟ್ಟಿದ ದೋಣಿಯ ಹಾಡು ಅದು: ನೀರು ಕಪ್ಪಾಗುವ ಮುನ್ನ ನನ್ನನ್ನು ಮನೆಗೆ ದಾಟಿಸಪ್ಪ ಎಂದು ಆಚೆ ದಡದಲ್ಲಿ ನಿಂತವನೊಬ್ಬ ದೋಣಿಯವನನ್ನು ಕೇಳಿಕೊಳ್ಳುವುದು. ಮದುವೆಯಲ್ಲಿ ಅದೇ, ಮಣ್ಣು ಮಾಡುವಾಗ ಅದೇ, ಹೆಂಡತಿಯನ್ನು ಸಮಾಧಾನ ಮಾಡುವ ಕುಡುಕನ ಬಾಯಲ್ಲೂ ಅದೇ.

ಆ ಹಾಡಿನಲ್ಲಿ ಒಂದು ತಪ್ಪಿತ್ತು. 'ಹಜ' ಎಂದರೆ ನಮ್ಮಲ್ಲಿ ಮನೆಯ ಕಡೆಗೆ ಎಂದರ್ಥ. ನಾಡು ಎಂಬ ಅರ್ಥವೂ ಆ ಪದಕ್ಕೇ ಇದೆ. ಹಾಡಿನ ತುದಿಯಲ್ಲಿ ಬರುವ ಆ ಪದದ ಮೊದಲ ಅಕ್ಷರವನ್ನು ರಾಗವು ಸುಮ್ಮನೆ ತಾಗಿ ದಾಟಿಹೋಗಿ, ಎರಡನೆಯದರ ಮೇಲೆ ಕೂತು, ಅದನ್ನು ಎತ್ತಿ ಹಿಡಿದು ತೂಗುತ್ತದೆ. ಹುಟ್ಟು ಹಂಗೇರಿಯನ್ನನ ನಾಲಗೆಗೆ ಹೊಳೆಯುವ ಒತ್ತಲ್ಲ ಅದು. ಅದು ಮನೆಗೆ ಎನ್ನಲು 'ನಾಖ್ ಹೌಸ' ಎಂದು ಎರಡನೆಯದನ್ನು ಎತ್ತುವ ಜರ್ಮನರ ಒತ್ತು.

ಮೇಷ್ಟ್ರು ಜರ್ಮನರ ಮನೆಯವರು ಎಂಬುದು ಊರಿಗೆಲ್ಲ ಗೊತ್ತಿತ್ತು. ನದಿಯಾಚೆಯ ಹಳ್ಳಿಯಲ್ಲಿ ಅವರ ತಂದೆ ಬ್ರೂನರ್ ಮನೆತನದವರು, ಹಿಟ್ಟಿನ ಗಿರಣಿಯವರು. ಬೊದ್ರೋಗಿ ಎಂಬುದು ಮಗ ಓದಿಗೆ ಹೋದಾಗ ಬದಲಾಯಿಸಿಕೊಂಡ ಹಂಗೇರಿಯನ್ ಮನೆತನದ ಹೆಸರು. ಎರಡನೆಯ ಮಹಾಯುದ್ಧದ ಕಾಲದ ಜನಗಣತಿಯಲ್ಲಿ ನಿಮ್ಮ ಮಾತೃಭಾಷೆ ಯಾವುದು ಎಂದು ಕೇಳಿದಾಗ ತಾಯಿ, ಇದ್ದದ್ದು ಇದ್ದ ಹಾಗೆ, ಜರ್ಮನ್ ಎಂದಳು. ಮಗ ಹಂಗೇರಿಯನ್ ಎಂದರು. ಯುದ್ಧ ಮುಗಿದ ಮೇಲೆ ಜರ್ಮನ್ ಎಂದವರನ್ನು ರೈಲಿಗೆ ತುಂಬಿ ಗಡಿ ದಾಟಿಸಿದರು. ತಾಯಿ ಹೋದಳು, ಮಗ ಉಳಿದರು. ಆಮೇಲೆ ಅವಳು ಬದುಕಿದ್ದಷ್ಟು ಕಾಲ ಇಬ್ಬರಿಗೂ ಭೇಟಿಯ ಯೋಗ ಬರಲಿಲ್ಲ.

ಒಂದು ಪದದ ಬಲದ ಮೇಲೆ ಊರಿನಲ್ಲಿ ಉಳಿದ ಮನುಷ್ಯ ಆ ಭಾಷೆಯ ವಿಷಯದಲ್ಲಿ ಎಷ್ಟು ನಿಷ್ಠುರನಾಗಬಹುದೋ ಅಷ್ಟೂ ಅವರಾದರು. ನಮ್ಮ ಒಂದೊಂದು ಪದವನ್ನೂ ಅಕ್ಕಸಾಲಿಯಂತೆ ತೂಗಿ ನೋಡುವ ಅವರ ಹಾಡೇ, ಊರೆಲ್ಲ ಬಾಯಿಪಾಠ ಮಾಡಿಕೊಂಡ ಆ ಒಂದೇ ಹಾಡೇ, ನಾನು ನಿಮ್ಮವನಲ್ಲ ಎಂದು ಬೀದಿಬೀದಿಯಲ್ಲಿ ಸಾರುತ್ತಿತ್ತು. ಕನಿಷ್ಠ ಅವರ ಕಿವಿಗೆ ಹಾಗೆ ಕೇಳುತ್ತಿತ್ತು. ಯಾರದೋ ಮದುವೆಯಲ್ಲಿ ಆ ಸಾಲು ಹತ್ತಿರ ಬರುತ್ತಿದ್ದ ಹಾಗೆ ಅವರು ಕೋಟಿನ ಗುಂಡಿಯನ್ನು ತಿರುಚುತ್ತ ಹೊರಗೆ ಎದ್ದುಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವೆಲ್ಲ ವಿನಯ ಎಂದುಕೊಂಡೆವು.

ನಿವೃತ್ತಿಯ ವರ್ಷ ಅವರು ಹಾಡನ್ನು ತಿದ್ದಿದರು. ರಾಗವನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, 'ಹ' ಅಕ್ಷರ ತಾಳದ ಪೆಟ್ಟಿಗೆ ಸರಿಯಾಗಿ ಬಂದು ಕೂರುವಂತೆ ಮಾಡಿ, ಇನ್ನು ಮುಂದೆ ಹೀಗೆಯೇ ಹಾಡತಕ್ಕದ್ದು, ತಮ್ಮ ಬೀಳ್ಕೊಡುಗೆಯ ಕಛೇರಿಯಿಂದಲೇ ಶುರು ಎಂದರು. ಗಾಯಕವೃಂದದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಬೇಕರಿಯ ಎತೆಲ್ಕ ಅತ್ತೆ ನಮ್ಮ ಸಾಲಿನ ಹಿರಿಯಳು, ಬಾಯಿಗೆ ಬೀಗವಿಲ್ಲದವಳು. "ಮೇಷ್ಟ್ರೇ, ನಮ್ಮಪ್ಪನ್ನ ಮಣ್ಣು ಮಾಡ್ದಾಗ ಇದನ್ನ ಹಳೇ ಥರಾನೇ ಹಾಡಿದ್ವಿ. ಈಗ ತಪ್ಪು ಅಂದ್ರೆ ಏನ್ ಮಾಡೋಣ, ಅವನ್ನ ಎಬ್ಬಿಸಿ ಇನ್ನೊಂದ್ ಸಲ ಮಣ್ಣು ಮಾಡೋಣ್ವಾ?"

"ನಿಮ್ಮ ತಂದೆಯವರ ಕ್ಷಮೆ ಕೇಳ್ತೀನಿ" ಅಂದರು ಮೇಷ್ಟ್ರು, ನಗದೆ. "ನಾನಿನ್ನೂ ಬದುಕಿದ್ದೀನಿ. ನನ್ನ ತಪ್ಪು ತಿದ್ಕೊಳ್ಳೋ ಹಕ್ಕು ನನಗಿದೆ."

"ತಪ್ಪು ಅಂದೋರು ಯಾರು?"

"ನಾನು ಅಂತಿದೀನಲ್ಲ."

"ನೀವೊಬ್ರೇ ಅಂತಿರೋದು" ಎಂದು ಎತೆಲ್ಕ ಅತ್ತೆ ಗೊಣಗಿದಳು. ಆದರೆ ಅವರ ಮುಖ ನೋಡಿದ ಮೇಲೆ ಮುಂದೆ ವಾದಿಸುವ ಧೈರ್ಯ ಅವಳಿಗೂ ಬರಲಿಲ್ಲ. ಇಡೀ ಚಳಿಗಾಲ ನಾವು ಹೊಸ ಪಾಠವನ್ನು ಅಭ್ಯಾಸ ಮಾಡಿದೆವು. ನಾಲಗೆ ಹಳೆಯ ದಾರಿಗೇ ಎಳೆಯುತ್ತಿತ್ತು. ಮಾರ್ತೊನ್ ಆ ಪದ ಬಂದಾಗಲೆಲ್ಲ ಬೆನ್ನಿಗೆ ಮೂಟೆ ಹೊತ್ತವನಂತೆ ಹುಬ್ಬು ಗಂಟಿಕ್ಕಿಕೊಂಡು ದಾಟುತ್ತಿದ್ದ. ಕೊನೆಗೂ ಕಲಿತೆವು, ಮೇಷ್ಟ್ರ ಮೇಲಿನ ಪ್ರೀತಿಯಿಂದ.

ಕಛೇರಿಯ ಸಂಜೆ ಸಭಾಂಗಣ ತುಂಬಿತ್ತು. ಮೊದಲ ಚರಣವನ್ನು ನಾವು ತಪ್ಪಿಲ್ಲದೆ ಹಾಡಿದೆವು. ಅದು ಶುದ್ಧವಾಗಿತ್ತು, ಅಷ್ಟೇ ಆಗಿತ್ತು. ಎರಡನೆಯ ಚರಣಕ್ಕೆ ಸಭಿಕರು ಎದ್ದುನಿಂತು ದನಿಗೂಡಿಸುವುದು ನಮ್ಮೂರಿನ ಪದ್ಧತಿ. ಎದ್ದರು. ಅವರಿಗೆ ತಿದ್ದುಪಡಿಯ ಸುದ್ದಿ ಯಾರು ಹೇಳಿದ್ದರು? 'ಹಜ' ಬಂದಾಗ ನಾವು ಒಂದು ಕಡೆ, ಊರು ಒಂದು ಕಡೆ; ಎರಡೂ ಡಿಕ್ಕಿ ಹೊಡೆದು ಹಾಡು ನಿಂತೇಹೋಯಿತು. ಯಾರೋ ನಗಲು ಹೊರಟು ತಡೆದುಕೊಂಡರು. ಮೇಷ್ಟ್ರ ಕೈ ಮೇಲೆತ್ತಿದಲ್ಲೇ ಉಳಿಯಿತು. ನನಗೆ ಅವರ ಮುಖ ಕಾಣುತ್ತಿತ್ತು, ಸಭೆಗೆ ಬೆನ್ನು ಮಾತ್ರ. ಜನರೆದುರು ಬಟ್ಟೆ ಕಳಚಿಬಿದ್ದವನ ಮುಖದಂತಿತ್ತು ಅದು, ನೋಡಿ ನನಗೆ ಅಳು ಬಂತು.

ಆಮೇಲೆ ಅವರು ಕೈ ಇಳಿಸಿದರು. ಸಭೆಯ ಕಡೆಗೆ ತಿರುಗಿದರು. ಎಂದೂ ಜನರೆದುರು ಹಾಡದ ಮನುಷ್ಯ, ಒಡೆದ, ತೆಳುವಾದ ದನಿಯಲ್ಲಿ ಎರಡನೆಯ ಚರಣವನ್ನು ತಾವೇ ಎತ್ತಿಕೊಂಡರು. ಆ ಪದ ಬಂದಾಗ ಮೊದಲ ಅಕ್ಷರವನ್ನು ಹಗುರಾಗಿ ತಾಗಿ ಬಿಟ್ಟು, ಎರಡನೆಯದನ್ನು ಎತ್ತಿ, ಉಸಿರು ಮುಗಿಯುವವರೆಗೂ ಹಿಡಿದು ನಿಂತರು. ಇಡೀ ಸಭಾಂಗಣ ಅದನ್ನು ಅವರಿಂದ ತೆಗೆದುಕೊಂಡು ಮುಂದೆ ಹಾಡಿತು. ನಮ್ಮವರು ಮೆಚ್ಚಿದರೆ ಚಪ್ಪಾಳೆ ತಾನಾಗಿ ಒಂದೇ ಲಯಕ್ಕೆ ಕೂಡಿಕೊಳ್ಳುತ್ತದೆ. ಆ ಸಂಜೆ ಅದು ಕೂಡಿಕೊಳ್ಳಲೇ ಇಲ್ಲ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಟ್ಟುತ್ತಿದ್ದರು.

ಪರದೆಯ ಹಿಂದೆ ಎತೆಲ್ಕ ಅತ್ತೆ ಅವರಿಗೆ ನೀರು ಕೊಟ್ಟಳು. ಕುಡಿದು, ಲೋಟವನ್ನು ಕೈಯಲ್ಲೇ ಇಟ್ಟುಕೊಂಡು ಮೇಷ್ಟ್ರು ಹೇಳಿದರು: "ನಮ್ಮಮ್ಮ ನನ್ನನ್ನ ಊಟಕ್ಕೆ 'ಹಜ' ಅಂತ ಹಾಗೇ ಕರೀತಿದ್ಲು, ದೋಣಿ ಕಟ್ಟೆ ಮೇಲೆ ನಿಂತು. ಈಚೆ ದಡದವರ ಎದುರಿಗೆ ಹಂಗೇರಿಯನ್ನಲ್ಲೇ ಕರೀಬೇಕು ಅಂತ ಅವಳ ಹಟ. ಬರ್ತಿರ್ಲಿಲ್ಲ ಅವಳಿಗೆ."

"ಬರ್ತಿತ್ತು ಬಿಡಿ" ಅಂದಳು ಎತೆಲ್ಕ ಅತ್ತೆ. "ಬೇರೆ ಥರ ಕರೆದ್ರೆ ನಮ್ ಮಕ್ಕಳೂ ಬರಲ್ಲ."

ಅವಳು ಆಡಿದ್ದು ಸಮಾಧಾನದ ಮಾತಲ್ಲ, ಅಪ್ಪಟ ನಿಜ. ಆ ಹಾಡಿನಿಂದಾಗಿಯೇ ದುನಾಸೇಕ್‌ನಲ್ಲಿ ತಾಯಂದಿರು ನದಿಯಲ್ಲಿ ಆಡುವ ಮಕ್ಕಳನ್ನು ಕರೆಯುವುದು ಎರಡನೆಯ ಅಕ್ಷರವನ್ನು ಎತ್ತಿ. ಬೇರೆ ಊರವರು ಕೇಳಿ ನಗುತ್ತಾರೆ, ದುನಾಸೇಕ್‌ನವರ ಮಾತೇ ಹಾಗೆ ಎನ್ನುತ್ತಾರೆ. ಮೊದಲ ಅಕ್ಷರವನ್ನು ಜೀವಮಾನವಿಡೀ ಕಾಯ್ದ ಮೇಷ್ಟ್ರು ಮಾತ್ರ ಇದನ್ನು ಕೇಳಿಸಿಕೊಂಡಿರಲಿಲ್ಲ.

ಹುಟ್ಟಿನಿಂದ ಬಂದ ಭಾಷೆಯನ್ನು ನಾವು ಹಳೆಯ ಚಪ್ಪಲಿಯಂತೆ ಎಳೆದುಕೊಂಡು ತಿರುಗುತ್ತೇವೆ. ಬೇರೆ ಮನೆಯಿಂದ ಬಂದು ಸೇರಿಕೊಂಡವರು ಹಾಗಲ್ಲ. ನೀನು ಯಾರ ಕಡೆಯವನು ಎಂದು ಎಂದಾದರೊಂದು ದಿನ ಯಾರಾದರೂ ಕೇಳಿಬಿಟ್ಟಾರೆಂಬ ಅಂಜಿಕೆಯಲ್ಲಿ ಅದರ ಒಂದೊಂದು ಅಕ್ಷರವನ್ನೂ ಒರೆಸಿ ಇಡುತ್ತಾರೆ, ನಮ್ಮ ಮಕ್ಕಳಿಗೂ ಒರೆಸಿ ಇಡುವುದನ್ನು ಕಲಿಸುತ್ತಾರೆ. ನಿಮ್ಮವನೇ ನಾನು ಎಂದು ಸಾಧಿಸುವುದರಲ್ಲೇ ಇಂಥವರ ಆಯುಷ್ಯ ಸವೆದುಹೋಗುತ್ತದೆ. ನಾವಾದರೋ ಅವರನ್ನು ಎಂದೋ ಒಳಗೆ ಕರೆದುಕೊಂಡಿರುತ್ತೇವೆ, ಅವರು ಮುಚ್ಚಿಡಲು ಹೆಣಗುತ್ತಿದ್ದ ಆ ಒಂದು ತಪ್ಪಿಗಾಗಿಯೇ. ಆದರೆ ಅದನ್ನು ಬಾಯಿಬಿಟ್ಟು ಅವರಿಗೆ ಹೇಳಬೇಕೆಂದು ನಮಗೆ ಹೊಳೆಯುವುದೇ ಇಲ್ಲ.